ಮೊಡವೆ ಬಿಟ್ಟುಹೋದ ಕುಳಿಗಳು, ಮೂರು ಬಗೆಯ ಸೂಜಿಗಳು

ಕಳೆದ ವರ್ಷ ಜೂನ್‌ನಲ್ಲಿ ಕೆನ್ನೆಯ ಕುಳಿಗಳನ್ನು ತೋರಿಸಲು ಬೆಂಗಳೂರಿನ ಮೂರು ಚರ್ಮದ ಕ್ಲಿನಿಕ್‌ಗಳಿಗೆ ಹೋದೆ. ಜಯನಗರದಲ್ಲಿ ಒಂದು, ಇಂದಿರಾನಗರದಲ್ಲಿ ಒಂದು, ಮಲ್ಲೇಶ್ವರದಲ್ಲಿ ಒಂದು. ಮುಖ ಒಂದೇ, ಸಲಹೆ ಮೂರು. ಒಬ್ಬರು ಮೈಕ್ರೋನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವುದು) ಜೊತೆಗೆ ಪಿಆರ್‌ಪಿ (ನಮ್ಮದೇ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ದ್ರವ) ಎಂದರು. ಇನ್ನೊಂದು ಕಡೆ ವೈದ್ಯರ ಮುಖ ನೋಡುವ ಮೊದಲೇ ಕೌನ್ಸೆಲರ್ ಒಬ್ಬರು ಆರು ಸಿಟ್ಟಿಂಗ್ ಆರ್‌ಎಫ್ (ಸೂಜಿಯ ಜೊತೆಗೆ ರೇಡಿಯೋ ತರಂಗದ ಶಾಖ) ಪ್ಯಾಕೇಜಿನ ಹಾಳೆ ಮುಂದಿಟ್ಟರು: 72,000 ರೂಪಾಯಿ, ಇವತ್ತೇ ಕಟ್ಟಿದರೆ ಸ್ಕಿನ್ ಬೂಸ್ಟರ್ ಎಂಬ ಹೊಳಪಿನ ಇಂಜೆಕ್ಷನ್ ಉಚಿತ. ಮೂರನೆಯ ವೈದ್ಯರು ಯಾವ ಯಂತ್ರದ ಹೆಸರನ್ನೂ ಎತ್ತಲಿಲ್ಲ. ಟ್ಯೂಬ್‌ಲೈಟ್ ಆರಿಸಿದರು, ಪಕ್ಕದಿಂದ ಟಾರ್ಚ್ ಹಿಡಿದರು, ಎರಡು ಬೆರಳಲ್ಲಿ ಕೆನ್ನೆ ಎಳೆದು ನೋಡಿದರು. ನಾನು ಕೊನೆಗೆ ಹೋದದ್ದು ಅವರ ಹತ್ತಿರವೇ. ಹದಿನೈದು ತಿಂಗಳಾಯಿತು, ಚಿಕಿತ್ಸೆ ಈಗಷ್ಟೇ ಮುಗಿದಿದೆ. ಇದೇ ಗೊಂದಲದಲ್ಲಿ ಇರುವವರಿಗೆ ಉಪಯೋಗವಾಗಲಿ ಎಂದು ನಡೆದದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲು ಆ ಟಾರ್ಚ್ ಪರೀಕ್ಷೆ. ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಹಣ ಉಳಿಯುತ್ತದೆ. ಚರ್ಮ ಎಳೆದಾಗ ಮಾಯವಾಗುವ, ಅಲೆಯಂಥ ಅಗಲ ತಗ್ಗುಗಳು ರೋಲಿಂಗ್ ಕಲೆಗಳು. ಅಲ್ಲಿ ಚರ್ಮದಡಿಯ ನಾರಿನ ಎಳೆಗಳು ಮೇಲ್ಪದರವನ್ನು ಕೆಳಕ್ಕೆ ಜಗ್ಗಿ ಹಿಡಿದಿರುತ್ತವೆ. ಎಳೆದರೂ ಉಳಿಯುವ, ಅಂಚು ಕಡಿದಾದ, ತಳ ಸಮತಟ್ಟಾದ ಕುಳಿಗಳು ಬಾಕ್ಸ್‌ಕಾರ್. ಬಾಯಿ 2 ಮಿಲಿಮೀಟರಿಗಿಂತ ಕಿರಿದಾಗಿ, ಆಣಿ ಹೊಡೆದಂತೆ ಆಳಕ್ಕೆ ಇಳಿದವು ಐಸ್‌ಪಿಕ್. ಬಹುಪಾಲು ಮುಖಗಳಲ್ಲಿ ಮೂರೂ ಬೆರೆತಿರುತ್ತವೆ, ನನ್ನ ಮುಖದಲ್ಲೂ ಹಾಗೇ. ನಾರಿನ ಎಳೆ ಕತ್ತರಿಸದೆ ರೋಲಿಂಗ್ ಕಲೆಯ ಮೇಲೆ ಎಷ್ಟು ಸಲ ಸೂಜಿ ಓಡಿಸಿದರೂ ಅದು ಪೂರ್ತಿ ಏಳುವುದಿಲ್ಲ. ಐಸ್‌ಪಿಕ್ ಕುಳಿ ಸಾಮಾನ್ಯ ಮೈಕ್ರೋನೀಡ್ಲಿಂಗ್‌ಗೆ ಹೆಚ್ಚೇನೂ ಬಗ್ಗುವುದಿಲ್ಲ. ಬರೀ ಯಂತ್ರ ನೋಡಿ ಪ್ಯಾಕೇಜ್ ಕಟ್ಟುವವರು ಮೋಸ ಹೋಗುವುದು ಇಲ್ಲೇ.

"ಪೂರ್ತಿ ಹೋಗಲ್ಲ. ಅರ್ಧಕ್ಕಿಂತ ಜಾಸ್ತಿ ಕಡಿಮೆ ಆದ್ರೆ ಚೆನ್ನಾಗಿ ಆಯ್ತು ಅಂತ ತಿಳ್ಕೊಳ್ಳಿ" ಎಂದರು ವೈದ್ಯರು. ಕೇಳಿ ಬೇಸರವಾಯಿತು. ಆದರೆ ಮೂರು ಕಡೆಗಳಲ್ಲಿ ಇಂಥ ಮಾತು ಹೇಳಿದ್ದು ಅವರೊಬ್ಬರೇ.

ಎರಡನೆಯ ಬೇಸರ ಕಾಯುವುದು. ಗಲ್ಲದ ಮೇಲೆ ಇನ್ನೂ ಕೀವು ತುಂಬಿದ ಮೊಡವೆಗಳಿದ್ದವು. ಅವುಗಳ ಮೇಲೆ ಸೂಜಿ ಓಡಿಸಿದರೆ ಸೋಂಕು ಅಕ್ಕಪಕ್ಕಕ್ಕೆ ಹರಡುತ್ತದೆ, ಹೊಸ ಮೊಡವೆ ಹೊಸ ಕುಳಿಯನ್ನೂ ಬಿಡುತ್ತದೆ. ಆದ್ದರಿಂದ ಮೊದಲ ಮೂರು ತಿಂಗಳು ರಾತ್ರಿ ಮೊಡವೆಗೆ ಹಚ್ಚುವ ಅಡಾಪಲೀನ್ ಜೆಲ್, ಬೆಳಿಗ್ಗೆ ಸನ್‌ಸ್ಕ್ರೀನ್, ಅಷ್ಟೇ. ಮೊಡವೆಗೆಂದು ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಂಡವರು ಹಳೆಯ ಚೀಟಿಯನ್ನು ತಪ್ಪದೆ ಒಯ್ಯಿರಿ. ಅದನ್ನು ನಿಲ್ಲಿಸಿ ಆರು ತಿಂಗಳು ಕಾಯಲೇಬೇಕೆಂಬ ಹಳೆಯ ನಿಯಮ ಮೈಕ್ರೋನೀಡ್ಲಿಂಗ್ ಮಟ್ಟಿಗೆ ಈಗ ಸಡಿಲವಾಗಿದೆ, ಆದರೆ ತೀರ್ಮಾನ ವೈದ್ಯರದ್ದೇ ಆಗಿರಬೇಕು. ತುಟಿಯ ಮೇಲೆ ಆಗಾಗ ಜ್ವರಗುಳ್ಳೆ ಏಳುವವರು, ಗಾಯವಾದಲ್ಲಿ ಗಂಟುಕಲೆ ಬೆಳೆಯುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಬಸುರಿಯರು ಇದನ್ನು ಮೊದಲ ದಿನವೇ ಹೇಳಬೇಕು. ಜ್ವರಗುಳ್ಳೆಯ ವೈರಸ್ ಸೂಜಿಯಿಂದ ಇಡೀ ಮುಖಕ್ಕೆ ಹರಡಬಹುದು. ಅದಕ್ಕೆ ಮೊದಲೇ ಮಾತ್ರೆ ಕೊಡುತ್ತಾರೆ.

ಕ್ಲಿನಿಕ್ ಆರಿಸುವಾಗ ನಾನು ನೋಡಿದ್ದು ಇಷ್ಟು. ಗೋಡೆಯ ಮೇಲೆ ಕೆಪಿಎಂಇ (ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳ ರಾಜ್ಯ ಕಾಯ್ದೆ) ನೋಂದಣಿ ಪ್ರಮಾಣಪತ್ರ ಇದೆಯೇ, ವೈದ್ಯರ ಹೆಸರಿನ ಮುಂದೆ ಚರ್ಮರೋಗದ ಎಂಡಿ, ಡಿಡಿವಿಎಲ್ ಅಥವಾ ಡಿಎನ್‌ಬಿ ಎಂಬ ಅರ್ಹತೆ ಇದೆಯೇ, ಚೀಟಿಯ ಮೇಲೆ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಇದೆಯೇ. 'ಕಾಸ್ಮೆಟಾಲಜಿಸ್ಟ್' ಎಂಬ ಫಲಕ ಮಾತ್ರ ಇದ್ದರೆ ಸಾಲದು. ಸೂಜಿ ಹಿಡಿಯುವವರು ಯಾರು ಎಂದು ಬಾಯಿಬಿಟ್ಟು ಕೇಳಿ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲೇ ಇತ್ತು, ಕನ್ನಡದಲ್ಲಿ ಓದಿ ಹೇಳಿ ಎಂದು ಕೇಳಿದಾಗ ಸಿಸ್ಟರ್ ಪೂರ್ತಿ ವಿವರಿಸಿದರು. ಅದರ ಕೊನೆಯಲ್ಲಿ ಫೋಟೋಗಳನ್ನು ಪ್ರಚಾರಕ್ಕೆ ಬಳಸಬಹುದು ಎಂಬ ಸಾಲು ಸೇರಿರುತ್ತದೆ. ಅದಕ್ಕೆ ಬೇಡ ಎನ್ನುವ ಹಕ್ಕು ನಿಮಗಿದೆ. ನಾನು ಆ ಸಾಲು ಹೊಡೆದು ಸಹಿ ಹಾಕಿದೆ.

ಸೆಪ್ಟೆಂಬರ್‌ನಲ್ಲಿ ಮೊದಲ ಕೆಲಸ ಶುರುವಾಯಿತು. ಐಸ್‌ಪಿಕ್ ಕುಳಿಗಳಿಗೆ ಟಿಸಿಎ ಕ್ರಾಸ್: ಚೂಪಾದ ಮರದ ಕಡ್ಡಿಯ ತುದಿಯಲ್ಲಿ ಗಾಢ ಟ್ರೈಕ್ಲೋರೋ ಅಸಿಟಿಕ್ ಆಮ್ಲ ತೆಗೆದುಕೊಂಡು ಕುಳಿಯ ತಳಕ್ಕೆ ಮಾತ್ರ ಮುಟ್ಟಿಸುತ್ತಾರೆ. ಕೆಲವೇ ಸೆಕೆಂಡಿನಲ್ಲಿ ಅಲ್ಲಿ ಬೆಳ್ಳಗಾಗುತ್ತದೆ, ಉರಿ ಒಂದೆರಡು ನಿಮಿಷ. ಹಕ್ಕಳೆ ಸುಮಾರು ವಾರದಲ್ಲಿ ಉದುರುತ್ತದೆ. ಅದನ್ನು ಕಿತ್ತರೆ ಕುಳಿ ಅಗಲವಾಗುತ್ತದೆ.

ಅದೇ ದಿನ ರೋಲಿಂಗ್ ಕಲೆಗಳಿಗೆ ಸಬ್‌ಸಿಷನ್. ಇದೂ ಸೂಜಿಯ ಕೆಲಸವೇ, ಆದರೆ ಚುಚ್ಚುವ ಸೂಜಿಯಲ್ಲ, ಕತ್ತರಿಸುವ ಸೂಜಿ. ಕುಳಿತೇ ಇರುವಾಗ ಪೆನ್ನಿನಿಂದ ತಗ್ಗುಗಳಿಗೆ ಗುರುತು ಹಾಕಬೇಕು, ಮಲಗಿದರೆ ತಗ್ಗು ಕಾಣುವುದಿಲ್ಲ. ಮರಗಟ್ಟಿಸಲು ಲಿಗ್ನೋಕೇನ್ ಮತ್ತು ಅಡ್ರಿನಲಿನ್ ಬೆರೆಸಿದ ಇಂಜೆಕ್ಷನ್ ಕೊಟ್ಟು, ಹತ್ತು ನಿಮಿಷ ಬಿಟ್ಟು, ದಪ್ಪ ಸೂಜಿಯನ್ನು ಚರ್ಮಕ್ಕೆ ಸಮಾನಾಂತರವಾಗಿ ತೂರಿಸಿ ಬೀಸಣಿಗೆಯ ಹಾಗೆ ಅತ್ತಿತ್ತ ಆಡಿಸುತ್ತಾರೆ. ನೋವಿಲ್ಲ, ಆದರೆ ಹಳೆಯ ಹೊಲಿಗೆ ಬಿಚ್ಚಿದಂಥ ಕರಕರ ಸದ್ದು ಕಿವಿಯೊಳಗೇ ಕೇಳುತ್ತದೆ. ಮೊದಲೇ ಗೊತ್ತಿದ್ದರೆ ಗಾಬರಿಯಾಗುವುದಿಲ್ಲ. ಕಣತಲೆ ಮತ್ತು ದವಡೆಯ ಅಂಚಿನಲ್ಲಿ ಮುಖದ ನರದ ಕವಲುಗಳು ಹಾಯುವುದರಿಂದ ಅಲ್ಲಿ ಅನುಭವಿ ಕೈಯೇ ಬೇಕು. ಬಳಿಕ ಹತ್ತು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿದು ಐಸ್ ಇಡುತ್ತಾರೆ. ಕೆನ್ನೆ ನೇರಳೆಯಾಗಿ, ಹಸಿರಾಗಿ, ಹಳದಿಯಾಗಿ ಮಾಮೂಲಿಗೆ ಬರಲು ಹನ್ನೆರಡು ದಿನ ಹಿಡಿಯಿತು. ಎರಡು ಕಡೆ ಬಟಾಣಿಯಷ್ಟು ಗಂಟು ಉಳಿದು ತಿಂಗಳಲ್ಲಿ ಕರಗಿತು. ಮನೆಯಲ್ಲಿ ಮದುವೆ, ಗೃಹಪ್ರವೇಶ ಇದ್ದರೆ ಇದಕ್ಕೆ ಮೂರು ವಾರ ಅಂತರ ಬಿಡಿ.

ಅಲ್ಲಿಂದ ಮುಂದೆ ಊಹಿಸದ ಅಡ್ಡಿ ಬಂತು. ಅಕ್ಟೋಬರ್ ಮೊದಲ ವಾರ ಮೈಕ್ರೋನೀಡ್ಲಿಂಗ್ ಮತ್ತು ಪಿಆರ್‌ಪಿಗೆ ದಿನ ಗೊತ್ತಾಗಿತ್ತು. ಹಿಂದಿನ ವಾರ ಡೆಂಗಿ ಜ್ವರ ಬಂದು ಪ್ಲೇಟ್‌ಲೆಟ್ 92,000ಕ್ಕೆ ಇಳಿಯಿತು. ಸಾಮಾನ್ಯ ಮಟ್ಟ 1.5 ಲಕ್ಷದಿಂದ 4.5 ಲಕ್ಷ. ಪಿಆರ್‌ಪಿ ಎಂದರೆ ನಮ್ಮದೇ ಪ್ಲೇಟ್‌ಲೆಟ್‌ಗಳನ್ನು ಸಾಂದ್ರಗೊಳಿಸಿ ಹಚ್ಚುವುದು. ಕಡಿಮೆ ಇದ್ದಾಗ ಅದಕ್ಕೆ ಅರ್ಥವಿಲ್ಲ, ಸೂಜಿ ಹಾಕಿದರೆ ರಕ್ತ ನಿಲ್ಲುವುದೂ ತಡ. ಬೆಂಗಳೂರಿನಲ್ಲಿ ಮಳೆಗಾಲದಲ್ಲಿ ಚಿಕಿತ್ಸೆ ಶುರು ಮಾಡುವವರು ಜ್ವರ ಬಂದು ಹೋಗಿದ್ದರೆ ಹೊಸದಾಗಿ ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸದೆ ಹೋಗಬೇಡಿ. ನನಗೆ ಎಲ್ಲವೂ ಮುಂದಕ್ಕೆ ಹೋಯಿತು. ಎರಡನೆಯ ಕ್ರಾಸ್ ಅಕ್ಟೋಬರ್ ಕೊನೆಗೆ, ಮೊದಲ ಮೈಕ್ರೋನೀಡ್ಲಿಂಗ್, ಪಿಆರ್‌ಪಿ ಇಲ್ಲದೆ, ನವೆಂಬರ್ ಕೊನೆಗೆ.

ಮೈಕ್ರೋನೀಡ್ಲಿಂಗ್ ಹೇಗೆ ಕೆಲಸ ಮಾಡುತ್ತದೆ ಎಂಬುದು ಸರಳ. ಸಣ್ಣ ಸಣ್ಣ ಗಾಯ ಮಾಡಿದರೆ ಚರ್ಮ ರಿಪೇರಿಗೆ ತೊಡಗಿ ಹೊಸ ಕೊಲಾಜೆನ್ (ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನ್) ಹಾಕುತ್ತದೆ. ಮೊದಲು ಬರುವುದು ಮೆದು ಕೊಲಾಜೆನ್, ಅದು ಗಟ್ಟಿಯಾಗಲು ತಿಂಗಳುಗಳು ಬೇಕು. ಸಿಟ್ಟಿಂಗ್‌ಗಳ ನಡುವೆ ನಾಲ್ಕರಿಂದ ಆರು ವಾರ ಬಿಡುವುದು ಇದಕ್ಕೇ. ವಾರಕ್ಕೊಂದು ಸಲ ಎನ್ನುವ ಕಡೆ ಹೋಗಬೇಡಿ.

ಆ ದಿನ ಬೆಳಿಗ್ಗೆ ಹತ್ತಕ್ಕೆ ಹೋದವರು ಹೊರಬಂದದ್ದು ಮಧ್ಯಾಹ್ನ ಹನ್ನೆರಡೂವರೆಗೆ. ಅದರಲ್ಲಿ ಸೂಜಿಯ ಕೆಲಸ ಇಪ್ಪತ್ತೇ ನಿಮಿಷ. ಮರಗಟ್ಟುವ ಕ್ರೀಮು (ಲಿಗ್ನೋಕೇನ್ 2.5%, ಪ್ರಿಲೋಕೇನ್ 2.5%) ದಪ್ಪಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಒಂದು ಗಂಟೆ ಬಿಟ್ಟರು. ಹೊರಗೆ ಜನ ಕಾಯುತ್ತಿದ್ದಾರೆಂದು ಇಪ್ಪತ್ತು ನಿಮಿಷಕ್ಕೇ ಶುರು ಮಾಡಿದರೆ ನೋವು ತಿನ್ನುವವರು ನಾವು. ಇನ್ನೂ ಸಮಯ ಬಿಡಿ ಎಂದು ಕೇಳಲು ಸಂಕೋಚಪಡಬೇಡಿ. ಕ್ರೀಮನ್ನು ಪೂರ್ತಿ ಒರೆಸಿ ತೆಗೆಯುವುದು ಅಷ್ಟೇ ಮುಖ್ಯ, ಉಳಿದದ್ದು ತೂತುಗಳ ಮೂಲಕ ಒಳಗಿಳಿಯುತ್ತದೆ.

ಬಳಸಿದ್ದು ಮೋಟಾರಿನ ಡರ್ಮಾಪೆನ್. ಸೂಜಿಗಳಿರುವ ಇದರ ತುದಿ, ಅಂದರೆ ಕಾರ್ಟ್ರಿಡ್ಜ್, ಒಮ್ಮೆ ಬಳಸಿ ಎಸೆಯುವಂಥದ್ದು. ಸೀಲು ನಿಮ್ಮ ಕಣ್ಣೆದುರು ಒಡೆಯಲಿ, ಅವಧಿ ಮುಗಿಯುವ ದಿನಾಂಕ ಓದಿ. ಸೂಜಿಯ ಆಳವನ್ನು ಜಾಗ ನೋಡಿ ಬದಲಿಸುತ್ತಾರೆ: ನನಗೆ ಹಣೆಗೆ 0.75, ಮೂಗಿಗೆ 0.5, ಕೆನ್ನೆಯ ಕುಳಿಗಳಿಗೆ 2 ಮಿಲಿಮೀಟರ್. ಅಡ್ಡ, ಉದ್ದ, ಓರೆ, ಹೀಗೆ ಮೂರು ನಾಲ್ಕು ಸಲ ಓಡಿಸಿ, ಸಾಸಿವೆಗಿಂತ ಸಣ್ಣ ರಕ್ತದ ಚುಕ್ಕೆ ಸಮನಾಗಿ ಕಂಡಲ್ಲಿ ನಿಲ್ಲಿಸುತ್ತಾರೆ. ರಕ್ತ ಹರಿದರೆ ಅತಿಯಾಯಿತು ಎಂದೇ ಅರ್ಥ. ಹಳೆಯ ಡರ್ಮಾರೋಲರ್‌ನಲ್ಲಿ 192 ಸೂಜಿಗಳ ಉರುಳೆ ಇರುತ್ತದೆ. ಉರುಳುವಾಗ ಸೂಜಿ ಓರೆಯಾಗಿ ಒಳಹೋಗಿ ಓರೆಯಾಗಿ ಹೊರಬರುವುದರಿಂದ ಚರ್ಮ ಹರಿಯುವ ಸಂಭವ ಹೆಚ್ಚು. ಮೂಳೆಯ ಮೇಲೆ ಉದ್ದ ಸೂಜಿಯ ರೋಲರನ್ನು ಒತ್ತಿ ಉರುಳಿಸಿ ರೈಲು ಕಂಬಿಯಂಥ ಗೆರೆಗಳು ಉಳಿದ ಪ್ರಕರಣಗಳು ದಾಖಲಾಗಿವೆ. ಆನ್‌ಲೈನಿನಲ್ಲಿ ಮುನ್ನೂರು ರೂಪಾಯಿಗೆ ಸಿಗುವ ರೋಲರನ್ನು ಮನೆಯಲ್ಲಿ ಅಕ್ಕ ತಂಗಿಯರು ಹಂಚಿಕೊಂಡು ಬಳಸುವುದನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ರಕ್ತ ಮುಟ್ಟಿದ ಸೂಜಿ ಒಬ್ಬರದ್ದು ಇನ್ನೊಬ್ಬರಿಗೆ ಆಗಬಾರದು. ಅಮೆರಿಕದ ನ್ಯೂ ಮೆಕ್ಸಿಕೊದ ಒಂದು ಸ್ಪಾದಲ್ಲಿ ಪಿಆರ್‌ಪಿ ಜೊತೆಗಿನ ಇದೇ ಚಿಕಿತ್ಸೆಯಿಂದ ಗ್ರಾಹಕರಿಗೆ ಎಚ್‌ಐವಿ ತಗುಲಿದ್ದನ್ನು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರ ಏಪ್ರಿಲ್‌ನಲ್ಲಿ ವರದಿ ಮಾಡಿದೆ.

ಮುಗಿದ ಮೇಲೆ ತಣ್ಣನೆಯ ಸಲೈನ್ ಗಾಜ್ ಬಟ್ಟೆ, ಬೇರೇನೂ ಇಲ್ಲ. ಚರ್ಮದ ತೂತುಗಳು ಹೆಚ್ಚುಕಡಿಮೆ ಒಂದು ದಿನ ತೆರೆದಿರುತ್ತವೆ. ಆ ಹೊತ್ತಿನಲ್ಲಿ ಮೇಲೆ ಹಚ್ಚುವ ವಿಟಮಿನ್ ಸಿ ಸೀರಮ್ ಒಳಗಿಳಿದರೆ ದೇಹ ಅದನ್ನು ಹೊರಗಿನ ವಸ್ತುವೆಂದು ಬಗೆದು ಗಟ್ಟಿ ಗಂಟು ಕಟ್ಟಬಹುದು. 'ಗ್ಲೋ ಸೀರಮ್ ಸೇರಿಸೋಣವೇ' ಎಂದರೆ ಬೇಡ ಎನ್ನಿ. ಈಗ ಹೊಸದಾಗಿ ಎಕ್ಸೊಸೋಮ್ (ಜೀವಕೋಶಗಳು ಹೊರಬಿಡುವ ಅತಿಸಣ್ಣ ಕಣಗಳು) ಬಾಟಲಿಗಳೂ ಬಂದಿವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದುವರೆಗೆ ಯಾವ ಎಕ್ಸೊಸೋಮ್ ಉತ್ಪನ್ನಕ್ಕೂ ಅನುಮೋದನೆ ಕೊಟ್ಟಿಲ್ಲ ಎಂಬುದು ತಿಳಿದಿರಲಿ.

ಮುಖ ಎರಡು ದಿನ ಕೆಂಪು, ಮೂರನೆಯ ದಿನದಿಂದ ಒಣಗಿ ಸಿಪ್ಪೆ. ಐದನೆಯ ದಿನ ಆಫೀಸಿಗೆ ಹೋಗಬಹುದಿತ್ತು. ಆ ವಾರ ಅಡಾಪಲೀನ್ ಇಲ್ಲ, ಸ್ಕ್ರಬ್ ಇಲ್ಲ, ಕಡಲೆಹಿಟ್ಟಿಲ್ಲ, ಅರಿಶಿನವೂ ಇಲ್ಲ. ಬೆವರು ಬರುವ ವ್ಯಾಯಾಮ ಮೂರು ದಿನ ಬಂದ್. ಇಲ್ಲಿನ ಜನ ಮರೆಯುವುದು ಎರಡು ಸಂಗತಿ. ಒಂದು ಹೆಲ್ಮೆಟ್: ಅದರ ಒಳಗಿನ ಬೆವರು ಹಿಡಿದ ಸ್ಪಂಜು ಸರಿಯಾಗಿ ಕೆನ್ನೆಯನ್ನೇ ಉಜ್ಜುತ್ತದೆ. ಆ ದಿನಗಳಲ್ಲಿ ಮೆಟ್ರೋ ಅಥವಾ ಆಟೋ ಹಿಡಿಯಿರಿ. ಇನ್ನೊಂದು ಬಿಸಿಲು: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತಂಪಾಗಿದ್ದರೂ ಅತಿನೇರಳೆ ಕಿರಣ ಕಡಿಮೆಯಿಲ್ಲ. ನಮ್ಮ ಕಂದು ಚರ್ಮಕ್ಕೆ ಗಾಯದ ಮೇಲೆ ಬಿಸಿಲು ಬಿದ್ದರೆ ಕಪ್ಪು ಕಲೆ ಖಚಿತ ಎಂದೇ ಹಿಡಿಯಿರಿ.

ಎರಡನೆಯ ಸಿಟ್ಟಿಂಗ್ ಜನವರಿ ಮೊದಲ ವಾರ, ಮೂರನೆಯದು ಫೆಬ್ರವರಿ ಮಧ್ಯಕ್ಕೆ, ಎರಡೂ ಪಿಆರ್‌ಪಿ ಜೊತೆಗೆ. ಪ್ಲೇಟ್‌ಲೆಟ್ ಅಷ್ಟರಲ್ಲಿ 2.3 ಲಕ್ಷಕ್ಕೆ ಏರಿತ್ತು. ವಾರ ಮೊದಲೇ ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನಿಲ್ಲಿಸಬೇಕು, ಅವು ಪ್ಲೇಟ್‌ಲೆಟ್‌ಗಳ ಕೆಲಸ ಕುಂದಿಸುತ್ತವೆ. (ವೈದ್ಯರು ಹೃದಯಕ್ಕೆಂದು ಬರೆದುಕೊಟ್ಟ ಆಸ್ಪಿರಿನ್ ಆದರೆ ಅವರನ್ನು ಕೇಳದೆ ನಿಲ್ಲಿಸಬೇಡಿ.) ತೋಳಿನಿಂದ 20 ಮಿಲಿಲೀಟರ್ ರಕ್ತ ತೆಗೆದು, ಹೆಪ್ಪುಗಟ್ಟದಂತೆ ಸಿಟ್ರೇಟ್ ಇರುವ ಟ್ಯೂಬಿಗೆ ಹಾಕಿ ಸೆಂಟ್ರಿಫ್ಯೂಜ್‌ನಲ್ಲಿ ಎರಡು ಸಲ ತಿರುಗಿಸಿದರು. ಮೊದಲ ಸುತ್ತಿಗೆ ಕೆಂಪು ಕಣ ತಳಕ್ಕೆ ಕೂರುತ್ತದೆ. ಮೇಲಿನ ಹಳದಿ ದ್ರವವನ್ನು ಬೇರೆ ಟ್ಯೂಬಿಗೆ ತೆಗೆದು ಜೋರಾಗಿ ತಿರುಗಿಸಿದರೆ ಪ್ಲೇಟ್‌ಲೆಟ್ ತಳ ಸೇರುತ್ತದೆ. ಮೇಲಿನ ಮೂರರಲ್ಲಿ ಎರಡು ಪಾಲು ಚೆಲ್ಲಿ, ಉಳಿದದ್ದನ್ನು ಕಲಕಿದರೆ ಅದೇ ಪಿಆರ್‌ಪಿ. ಇಪ್ಪತ್ತರಲ್ಲಿ ಕೈಗೆ ಸಿಕ್ಕದ್ದು ಮೂರು ಮಿಲಿಲೀಟರ್. ಒಂದೇ ಸುತ್ತು ತಿರುಗಿಸಿ ಎಂಟು ಹತ್ತು ಮಿಲಿಲೀಟರ್ ಪಿಆರ್‌ಪಿ ತೋರಿಸಿದರೆ ಅದು ಬಹುಪಾಲು ಬರೀ ಪ್ಲಾಸ್ಮಾ. ಬಣ್ಣ ಒಣಹುಲ್ಲಿನಂತೆ ಇರಬೇಕು, ಕೆಂಪಾಗಿದ್ದರೆ ಕೆಂಪು ಕಣ ಬೆರೆತಿದೆ. ಎಲ್ಲಕ್ಕಿಂತ ಮೊದಲು, ರಕ್ತ ತೆಗೆದ ಕೂಡಲೇ ಟ್ಯೂಬಿನ ಮೇಲೆ ನಿಮ್ಮ ಹೆಸರು ಬರೆದದ್ದನ್ನು ಕಣ್ಣಾರೆ ನೋಡಿ. ಆ ದಿನ ಕೋಣೆಯಲ್ಲಿ ಕೂದಲಿಗೆ ಪಿಆರ್‌ಪಿ ಮಾಡಿಸಲು ಬಂದ ಇನ್ನಿಬ್ಬರ ಟ್ಯೂಬುಗಳೂ ಅದೇ ಯಂತ್ರದಲ್ಲಿ ತಿರುಗುತ್ತಿದ್ದವು.

ಪಿಆರ್‌ಪಿಯಿಂದ ಏನಾಯಿತು? ಕೆಂಪು ಎರಡು ದಿನದ ಬದಲು ಒಂದೇ ದಿನಕ್ಕೆ ಇಳಿಯಿತು, ಸಿಪ್ಪೆ ಕಡಿಮೆ. ಕುಳಿಯ ಆಳದಲ್ಲಿ ಅದರಿಂದಲೇ ಆದ ವ್ಯತ್ಯಾಸ ಇಷ್ಟು ಎಂದು ಬೇರ್ಪಡಿಸಿ ಹೇಳಲಾರೆ. ಮುಖದ ಒಂದು ಬದಿಗೆ ಮಾತ್ರ ಪಿಆರ್‌ಪಿ ಹಚ್ಚಿ ಹೋಲಿಸಿದ ಅಧ್ಯಯನಗಳು ನಮ್ಮ ದೇಶದಲ್ಲೇ ನಡೆದಿವೆ, ಆ ಬದಿ ಹೆಚ್ಚು ಸುಧಾರಿಸಿದ್ದನ್ನು ಅವು ತೋರಿಸಿವೆ. ಹಣ ಬಿಗಿಯಾಗಿದ್ದರೆ ಮಾತ್ರ ನಾನು ಪಿಆರ್‌ಪಿ ಬಿಡುತ್ತೇನೆ, ಸಬ್‌ಸಿಷನ್ ಬಿಡುವುದಿಲ್ಲ.

ಮಾರ್ಚ್ ಕೊನೆಗೆ ಉಳಿದ ಬಾಕ್ಸ್‌ಕಾರ್ ಕುಳಿಗಳಿಗೆ ಆರ್‌ಎಫ್ ಮೈಕ್ರೋನೀಡ್ಲಿಂಗ್, ಅಂದರೆ ಎಂಎನ್‌ಆರ್‌ಎಫ್. ಇಲ್ಲಿ ಸೂಜಿಯ ತುದಿಯಿಂದ ರೇಡಿಯೋ ತರಂಗದ ಶಾಖ ಚರ್ಮದ ಒಳಪದರಕ್ಕೆ ಇಳಿಯುತ್ತದೆ. ಬರೀ ಚುಚ್ಚುವುದಕ್ಕಿಂತ ಜೋರಾದ ರಿಪೇರಿ, ಅಪಾಯವೂ ಅಷ್ಟೇ ಜೋರು. ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಸೂಜಿ ಇನ್ಸುಲೇಟೆಡ್ (ತುದಿ ಬಿಟ್ಟು ಉಳಿದ ಭಾಗಕ್ಕೆ ಶಾಖ ತಡೆಯುವ ಲೇಪವಿರುವಂಥದ್ದು) ಹೌದೋ ಅಲ್ಲವೋ? ಹೌದಾದರೆ ಶಾಖ ತುದಿಯಲ್ಲಿ ಮಾತ್ರ, ಮೇಲ್ಪದರ ಸುಡುವುದಿಲ್ಲ, ಕಂದು ಚರ್ಮಕ್ಕೆ ಇದೇ ಹಿತ. ಅಲ್ಲದಿದ್ದರೆ ಸೂಜಿಯ ಉದ್ದಕ್ಕೂ ಶಾಖ. ಹ್ಯಾಂಡ್‌ಪೀಸ್ ನೇರವಾಗಿ, ಚರ್ಮಕ್ಕೆ ಅಂಟಿಕೊಂಡಂತೆ ಕೂರಬೇಕು. ಓರೆಯಾದರೆ ಸೂಜಿ ಪೂರ್ತಿ ಒಳಹೋಗದೆ ಮೇಲ್ಮೈ ಸುಡುತ್ತದೆ. ಕೊಬ್ಬು ಕಡಿಮೆ ಇರುವ ಕೆನ್ನೆಯಲ್ಲಿ ತುಂಬ ಆಳಕ್ಕೆ ಹೋದರೆ ಕೊಬ್ಬು ಕರಗಿ ಹೊಸ ತಗ್ಗು ಬೀಳಬಹುದು. ಸುಟ್ಟಗಾಯ, ಕಲೆ, ಕೊಬ್ಬಿನ ನಷ್ಟ, ನರಕ್ಕೆ ಪೆಟ್ಟು, ಇವುಗಳ ಬಗ್ಗೆ ಅಮೆರಿಕದ ಎಫ್‌ಡಿಎ 2025ರ ಅಕ್ಟೋಬರ್‌ನಲ್ಲಿ ಎಚ್ಚರಿಕೆ ಹೊರಡಿಸಿದೆ. ಪೇಸ್‌ಮೇಕರ್ ಇದ್ದವರಿಗೆ ಇದು ಬೇಡವೇ ಬೇಡ. ಮೂಗುತಿ, ಓಲೆ ಎಲ್ಲ ತೆಗೆದಿಡಬೇಕು. ವರ್ಷಗಟ್ಟಲೆ ತೆಗೆಯದ ಮೂಗುತಿ ಆದರೆ ಹಿಂದಿನ ದಿನವೇ ಅಕ್ಕಸಾಲಿಗರ ಹತ್ತಿರ ಸಡಿಲ ಮಾಡಿಸಿಕೊಳ್ಳಿ.

ಮರಗಟ್ಟಿಸಿದ್ದರೂ ದವಡೆಯ ಮೂಳೆಯ ಮೇಲೆ ಚುರುಕ್ ಎಂದಿತು. ಚೌಕುಳಿ ಚುಕ್ಕೆ ಗುರುತು ಆರು ದಿನ ಇತ್ತು. ಮೂರನೆಯ ದಿನ ಕೆಲಸದ ತುರ್ತಿಗೆ ಮಧ್ಯಾಹ್ನದ ಬಿಸಿಲಲ್ಲಿ ಸ್ಕೂಟರ್ ಓಡಿಸಿದ್ದಾಯಿತು. ಎರಡು ವಾರಕ್ಕೆ ಎಡ ದವಡೆಯ ಮೇಲೆ ಚುಕ್ಕಿ ರಂಗೋಲಿಯಂತೆ ಕಂದು ಗುರುತು ಎದ್ದಿತು. ಕನ್ನಡಿ ನೋಡಲು ಸಂಕಟವಾಗುತ್ತಿತ್ತು, ಇದ್ದ ಕಲೆ ತೆಗೆಸಲು ಹೋಗಿ ಹೊಸದು ತಂದುಕೊಂಡೆನೇ ಎಂದು. ಅಜೆಲಾಯಿಕ್ ಆಸಿಡ್ ಕ್ರೀಮು ಮತ್ತು ಮೂರು ಗಂಟೆಗೊಮ್ಮೆ ಸನ್‌ಸ್ಕ್ರೀನ್, ಎರಡೂವರೆ ತಿಂಗಳಿಗೆ ಮಾಸಿತು. ಮೇ ತಿಂಗಳಿಗೆ ಗೊತ್ತಾಗಿದ್ದ ಎರಡನೆಯ ಸಿಟ್ಟಿಂಗ್ ಮುಂದಕ್ಕೆ ಹೋಗಿ ಮಳೆ ಹಿಡಿದ ಮೇಲೆ, ಜೂನ್ ಕೊನೆಗೆ ನಡೆಯಿತು. ವೈದ್ಯರು ಶಕ್ತಿಯನ್ನು ಒಂದು ಹಂತ ಇಳಿಸಿದರು, ಈ ಸಲ ಗುರುತು ಬರಲಿಲ್ಲ. ಎಂಎನ್‌ಆರ್‌ಎಫ್ ಮಾಡಿಸುವವರು ಫೆಬ್ರವರಿಯಿಂದ ಮೇವರೆಗಿನ ಬಿಸಿಲುಗಾಲ ತಪ್ಪಿಸಿದರೆ ಒಳ್ಳೆಯದು.

ಉಚಿತ ಎಂದಿದ್ದ ಸ್ಕಿನ್ ಬೂಸ್ಟರ್ ಬಗ್ಗೆಯೂ ಕೇಳಿದ್ದೆ. ಅದು ಹಯಲುರಾನಿಕ್ ಆಮ್ಲವನ್ನು ಸಣ್ಣ ಹನಿಗಳಾಗಿ ಚರ್ಮದೊಳಗೆ ಬಿಡುವುದು. ನೀರು ಹಿಡಿದಿಟ್ಟು ಒಣ ಚರ್ಮಕ್ಕೆ, ನವಿರು ಸುಕ್ಕುಗಳಿಗೆ ಹೊಳಪು ಕೊಡುತ್ತದೆ, ಕೆಲವು ತಿಂಗಳಿಗೆ ದೇಹ ಅದನ್ನು ಕರಗಿಸುತ್ತದೆ. ಆಳದ ಕುಳಿಗೆ ಅದರಿಂದ ಪ್ರಯೋಜನವಿಲ್ಲ. ನಲವತ್ತು ದಾಟಿ ಚರ್ಮ ಸೊರಗಿದೆ ಎನ್ನುವವರಿಗೆ ಅದು ಸರಿಯಾದ ಸೂಜಿ, ನನಗಲ್ಲ. ಬೊಟಾಕ್ಸ್ ಇನ್ನೂ ಬೇರೆ ಮಾತು. ಅದು ಸ್ನಾಯುವನ್ನು ಸಡಿಲಿಸಿ ಹಣೆಯ ಗೆರೆ ಅಳಿಸುತ್ತದೆ, ಮೂರು ನಾಲ್ಕು ತಿಂಗಳು ಬಾಳುತ್ತದೆ.

ಖರ್ಚಿನ ಲೆಕ್ಕ, ಜಿಎಸ್‌ಟಿ ಸೇರಿ: ಮೂರು ಕಡೆಯ ಸಮಾಲೋಚನೆ 2,400, ರಕ್ತ ಪರೀಕ್ಷೆಗಳು (ಸಿಬಿಸಿ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ) 1,400, ಕ್ರಾಸ್ ಎರಡು ಸಲ 4,000, ಸಬ್‌ಸಿಷನ್ 7,000, ಮೈಕ್ರೋನೀಡ್ಲಿಂಗ್ ಮೂರು ಸಲ 12,000, ಪಿಆರ್‌ಪಿ ಎರಡು ಸಲ 6,000, ಎಂಎನ್‌ಆರ್‌ಎಫ್ ಎರಡು ಸಲ 18,000, ಕ್ರೀಮು ಮತ್ತು ಸನ್‌ಸ್ಕ್ರೀನ್ ತಿಂಗಳಿಗೆ 600ರಂತೆ 9,000. ಒಟ್ಟು 59,800 ರೂಪಾಯಿ. ಸೌಂದರ್ಯ ಚಿಕಿತ್ಸೆ ಎಂದು ಆರೋಗ್ಯ ವಿಮೆಯವರು ಇದಕ್ಕೆ ಹಣ ಕೊಡುವುದಿಲ್ಲ. ದರ ಕೇಳುವಾಗ 18% ಜಿಎಸ್‌ಟಿ ಸೇರಿದೆಯೇ, ಮರಗಟ್ಟುವ ಕ್ರೀಮು, ಕಾರ್ಟ್ರಿಡ್ಜ್ ಸೇರಿದೆಯೇ ಎಂದು ಕೇಳಿ. ಪ್ರತಿ ಸಿಟ್ಟಿಂಗ್‌ಗೆ ಆಗಿಂದಾಗ್ಗೆ ಕಟ್ಟಿದ್ದರಿಂದಲೇ ಡೆಂಗಿ ಬಂದಾಗಲೂ ಕಂದು ಗುರುತು ಎದ್ದಾಗಲೂ ದಿನ ಮುಂದೂಡಲು ನನಗೆ ತೊಂದರೆಯಾಗಲಿಲ್ಲ. ಇಷ್ಟೂ ಖರ್ಚು ಆಗದು ಎನ್ನುವವರು ಬೌರಿಂಗ್ ಅಥವಾ ವಿಕ್ಟೋರಿಯಾ ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಮೊದಲು ತೋರಿಸಿ. ಕುಳಿ ಯಾವ ಬಗೆಯದು ಎಂದು ಹೇಳಲು ಟಾರ್ಚ್ ಮತ್ತು ಎರಡು ಬೆರಳು ಸಾಕು.

ಮೊನ್ನೆ ಸೆಪ್ಟೆಂಬರ್‌ನಲ್ಲಿ ಹಳೆಯ ಫೋಟೋ ಪಕ್ಕ ಹೊಸದನ್ನಿಟ್ಟು ನೋಡಿದೆವು. ಅದೇ ಕೋಣೆ, ಅದೇ ಓರೆ ಬೆಳಕು, ಅದೇ ಕೋನ. ಮನೆಯಲ್ಲಿ ತೆಗೆಯುವವರೂ ಹೀಗೇ ತೆಗೆಯಿರಿ, ಕಿಟಕಿಯ ನೇರ ಬೆಳಕಿನಲ್ಲಿ ಎಲ್ಲ ಕುಳಿಯೂ ಮಾಯವಾದಂತೆ ಕಾಣುತ್ತದೆ. ರೋಲಿಂಗ್ ಕಲೆಗಳು ಮುಕ್ಕಾಲು ಪಾಲು ಎದ್ದಿವೆ, ಬಾಕ್ಸ್‌ಕಾರ್ ಅರ್ಧದಷ್ಟು ತುಂಬಿವೆ, ಅಂಚು ಮೆತ್ತಗಾಗಿದೆ. ಬಲಗೆನ್ನೆಯಲ್ಲಿ ಎರಡು ಐಸ್‌ಪಿಕ್ ಕುಳಿಗಳು ಇನ್ನೂ ಇವೆ. ಅವಕ್ಕೆ ಇನ್ನೊಂದು ಸಲ ಕ್ರಾಸ್ ಮಾಡಬಹುದು ಎಂದರು ವೈದ್ಯರು. "ಆದ್ರೆ ಆರು ತಿಂಗಳು ಬಿಡಿ, ಒಳಗಡೆ ಕೆಲಸ ಇನ್ನೂ ನಡೀತಿದೆ" ಎಂದೂ ಸೇರಿಸಿದರು. ಮಾರ್ಚ್‌ಗೆ ದಿನ ಗೊತ್ತು ಮಾಡಲು ಹೋದರು. ಬಿಸಿಲು ನೆನಪಾಗಿ ಜುಲೈ ಎಂದು ಬರೆಸಿಕೊಂಡು ಬಂದೆ.